ತೈಪೆಯಿಂದ ಬಂದ ನನ್ನದಲ್ಲದ ನಾಯಿ

ನಾಯಿಗೆ ಹೆದರುವವರಲ್ಲಿ ಎರಡು ಪಂಗಡ. ನಾಯಿ ಕಂಡ ಕೂಡಲೇ ಕಿಟಾರನೆ ಕಿರುಚಿ, ಪಕ್ಕದಲ್ಲಿರುವವರು ಯಾರೆಂದೂ ನೋಡದೆ ಅವರ ತೋಳು ಹಿಡಿದುಕೊಳ್ಳುವ ಪ್ರಾಮಾಣಿಕರದ್ದು ಒಂದು. ‘ಹೆದರಿಕೆ ಅಂತಲ್ಲ, ಕೂದಲು ನೋಡಿ, ಮನೆ ತುಂಬ ಕೂದಲಾಗುತ್ತದೆ’ ಎನ್ನುತ್ತ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿಯುವ ಮರ್ಯಾದಸ್ಥರದ್ದು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವನು. ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಬಂದು ನೆಲೆಸಿದ ಮೇಲೆ ಈ ಮರ್ಯಾದೆ ಕಾಪಾಡಿಕೊಳ್ಳುವುದೇ ಒಂದು ಉದ್ಯೋಗವಾಯಿತು. ನಮ್ಮ ಬೀದಿಯಲ್ಲಿ ಮನುಷ್ಯರು ಕಾಣಿಸುವುದು ಅಪರೂಪ, ನಾಯಿಗಳು ಧಾರಾಳ. ಯಾರಾದರೂ ಊಟಕ್ಕೆ ಕರೆದರೆ ‘ಏನು ತರಲಿ?’ ಎಂದು ಕೇಳುವುದು ಇಲ್ಲಿಯ ಪದ್ಧತಿ. ನಾನು ಮೊದಲು ಕೇಳುತ್ತಿದ್ದದ್ದು ‘ಮನೆಯಲ್ಲಿ ಯಾರ್‍ಯಾರಿದ್ದೀರಿ?’ ಎಂದು.

ಈ ಹೆದರಿಕೆಗೆ ಒಂದು ವೀರಗಾಥೆಯಾದರೂ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ನನಗೆ ಯಾವ ನಾಯಿಯೂ ಕಚ್ಚಿಲ್ಲ. ಹುಬ್ಬಳ್ಳಿಯಲ್ಲಿ ಕಚ್ಚಿಸಿಕೊಂಡವನು ನಮ್ಮ ದೊಡ್ಡಪ್ಪನ ಮಗ ಈರಣ್ಣ. ಆ ಕಾಲದಲ್ಲಿ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಆಸ್ಪತ್ರೆಯಲ್ಲಿ ಅವನಿಗೆ ಧೈರ್ಯಕ್ಕಿರಲಿ ಎಂದು ದಿನವೂ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಹದಿನಾಲ್ಕು ದಿನವೂ ಅವನು ಹಲ್ಲುಕಚ್ಚಿ ಸುಮ್ಮನೆ ಮಲಗಿರುತ್ತಿದ್ದ, ನಾನು ಅಳುತ್ತಿದ್ದೆ. ಕೊನೆಗೆ ನರ್ಸಮ್ಮ ಅವನ ಕೈಗೇ ನನ್ನನ್ನು ಕೊಟ್ಟು ‘ಇವನನ್ನ ಹುಷಾರಾಗಿ ಕರಕೊಂಡು ಹೋಗಪಾ’ ಎನ್ನುತ್ತಿದ್ದಳು. ಈರಣ್ಣ ಈಗ ಎರಡು ನಾಯಿ ಸಾಕಿದ್ದಾನೆ. ಇಂಜೆಕ್ಷನ್ ಅವನಿಗೆ ಹತ್ತಿತು, ಹೆದರಿಕೆ ನನಗೆ ಹತ್ತಿತು.

ಇಂಥ ನನ್ನನ್ನು ನಾರ್ತ್ ಸಿಡ್ನಿಯ ನಮ್ಮ ಆಫೀಸಿನವರು ಒಂದು ಪ್ರಾಜೆಕ್ಟಿಗಾಗಿ ನಾಲ್ಕು ತಿಂಗಳು ತೈಪೆಗೆ ಕಳಿಸಿದರು. ನಾನಿದ್ದ ಅಪಾರ್ಟ್‌ಮೆಂಟಿನ ಗೇಟಿನ ಎದುರು ಸಾಲಾಗಿ ಸ್ಕೂಟರ್‌ಗಳು. ಅವುಗಳ ಮುಂದೆ, ಗಲ್ಲಿಗೆ ಗೌಡನಂತೆ, ಒಂದು ದೊಡ್ಡ ಹಳದಿ ನಾಯಿ ಕೂತಿರುತ್ತಿತ್ತು. ಬೊಗಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಹಾಗಾದರೆ ಬೊಗಳದ್ದು? ಮೊದಲ ಸಂಜೆ ಡಬ್ಬಿಯಲ್ಲಿ ಉಳಿದಿದ್ದ ಒಂದು ಚಪಾತಿ ತೆಗೆದು ದೂರಕ್ಕೆ ಎಸೆದೆ. ಅದು ಅತ್ತ ಹೋದದ್ದೇ ತಡ, ನಾನು ಇತ್ತ ಓಡಿ ಲಿಫ್ಟ್ ಸೇರಿದೆ. ಮರುದಿನವೂ ಅದೇ. ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ಹಿಟ್ಟು ಕಲಸುವಾಗಲೇ ಅದರ ಪಾಲಿನ ಒಂದು ಹಿಡಿ ಹೆಚ್ಚಿಗೆ ಹಾಕುವುದು ರೂಢಿಯಾಯಿತು. ಇದನ್ನು ಪ್ರಾಣಿದಯೆ ಎನ್ನುವುದಿಲ್ಲ. ಲಂಚ ಎನ್ನುತ್ತಾರೆ.

ಆದರೆ ಸ್ಕೈಪ್‌ನಲ್ಲಿ ಅದು ದಯೆಯಾಗಿಯೇ ಕಂಡಿತು. ನನ್ನ ಮಗಳು ಇಂಚರಳಿಗೆ ಆಗ ಹನ್ನೊಂದು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಎರಡು ವರ್ಷದಿಂದ ನಾಯಿ ಬೇಕೆಂದು ಕೇಳುತ್ತಿದ್ದಳು, ನಾನು ಕೂದಲಿನ ವಿಷಯ ಹೇಳುತ್ತಿದ್ದೆ. ಒಂದು ಸಂಜೆ ಏನು ಮಾಡಿದಿರಿ ಎಂದು ಕೇಳಿದಾಗ ಬಾಯಿ ತಪ್ಪಿ ‘ನಾಯಿಗೆ ಚಪಾತಿ ಹಾಕಿದೆ’ ಎಂದೆ. ಆ ಮುಖ ಅರಳಿದ್ದನ್ನು ನೋಡಬೇಕಿತ್ತು! ಆಮೇಲೆ ನನಗೂ ಉಮೇದು ಬಂತು. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು, ಫೋನನ್ನು ಕೆಳಗೆ ತಿರುಗಿಸಿ, ‘ನೋಡು, ಅದೇ ನನ್ನ ನಾಯಿ’ ಎಂದು ದಿನವೂ ತೋರಿಸತೊಡಗಿದೆ. ‘ಅಪ್ಪ, ಯೂ ಲವ್ ಡಾಗ್ಸ್!’ ಎಂದಳು. ‘ಹ್ಞೂಂ’ ಎಂದೆ. ನಾನು ಹೇಳಿದ್ದು ಅಷ್ಟೇ, ಒಂದು ಹ್ಞೂಂ.

ಸಿಡ್ನಿಗೆ ಮರಳಿದ ಮೇಲೆ ಒಂದು ಭಾನುವಾರ ತೈಪೆಯಿಂದ ಇಮೇಲ್ ಬಂತು. ಬೀದಿನಾಯಿಗಳಿಗೆ ಆಸರೆ ಕೊಡುವ ಲಿನ್ ಎಂಬ ಹೆಂಗಸು ಬರೆದಿದ್ದಳು: ನಿಮ್ಮ ನಾಯಿಗೆ ಸ್ಕೂಟರ್ ಬಡಿದು ಹಿಂಗಾಲು ಮುರಿದಿತ್ತು. ಈಗ ಗುಣವಾಗಿದೆ. ಅದು ಇಂಡಿಯಾದವರ ನಾಯಿ ಎಂದು ವಾಚ್‌ಮನ್ ಹೇಳಿದ, ವಿಳಾಸವನ್ನು ಕಟ್ಟಡದ ಆಫೀಸಿನವರು ಕೊಟ್ಟರು. ಅದು ನಿಮ್ಮನ್ನು ಕಾಯುತ್ತಿದೆ. ಜೊತೆಗೊಂದು ಫೋಟೋ. ಅರ್ಧ ಮೈ ಬೋಳಿಸಿ, ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೊಡೆಯಂಥದ್ದೇನೋ ಕಟ್ಟಿದ್ದರು. ನಾನು ಗುರುತು ಹಿಡಿಯಲಿಲ್ಲ, ನಿಜ. ಆದರೆ ಆ ನಾಯಿಯ ಹಲ್ಲೊಂದನ್ನು ಬಿಟ್ಟು ಬೇರೆ ಯಾವ ಭಾಗವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಇಂಚರ ಇಮೇಲ್ ಓದಿ ಮುಗಿಸಿದ್ದಳು. ಅಳುತ್ತಿದ್ದಳು. ನನ್ನ ಹೆಂಡತಿ ಸುಮಂಗಲಾ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

“ಹೇಳ್ರೀ ಈಗ ಕೂದಲದ ಸುದ್ದಿ” ಎಂದಳು. “ನಿಮ್ಮ ನಾಯಿ ಅಂತ, ನಿಮ್ಮ ದಾರಿ ಕಾಯಾಕತ್ತೈತಂತ. ಬ್ಯಾರೇದವ್ರು ಬಂದು ಸಾಕಬೇಕೇನು?”

ನಾನು ಆಸ್ಟ್ರೇಲಿಯಾ ಸರಕಾರದ ಮೇಲೆ ಭಾರ ಹಾಕಿದೆ. ಹೊರದೇಶದ ಸೇಬಿನ ಸಿಪ್ಪೆಯನ್ನೂ ಒಳಗೆ ಬಿಡದ ಸರಕಾರ ಇಡೀ ನಾಯಿಯನ್ನು ಬಿಟ್ಟೀತೇ? ರೇಬಿಸ್ ಲಸಿಕೆ, ರಕ್ತಪರೀಕ್ಷೆ, ಪರ್ಮಿಟ್, ತಿಂಗಳುಗಟ್ಟಲೆ ಕಾಯುವಿಕೆ, ಮತ್ತೆ ಪರೀಕ್ಷೆ. ಈ ದೇಶದಲ್ಲಿ ಕಾಯಂ ನೆಲೆಸಲು ನಾವು ಪಡೆದ ಪಿಆರ್‌ಗೂ ಇಷ್ಟು ಕಾಗದ ಕೇಳಿರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಅದು ಫೇಲಾಗಲಿ ಎಂದು ಒಳಗೊಳಗೇ ಹಾರೈಸಿದೆ. ಅದು ಎಲ್ಲದರಲ್ಲೂ ಪಾಸಾಯಿತು. ನಮ್ಮ ಮನೆತನದಲ್ಲಿ ಇಷ್ಟು ಪರೀಕ್ಷೆಗಳನ್ನು ಒಂದೇ ಏಟಿಗೆ ಮುಗಿಸಿದವರು ಅದಕ್ಕಿಂತ ಮೊದಲು ಯಾರೂ ಇರಲಿಲ್ಲ. ಕಾಗದಗಳಲ್ಲಿ ‘ಹೆಣ್ಣು’ ಎಂದಿತ್ತು. ಇರಬಹುದು, ಅದನ್ನೆಲ್ಲ ಪರಿಶೀಲಿಸುವಷ್ಟು ಸಲುಗೆ ನಮ್ಮಲ್ಲಿ ಬೆಳೆದಿರಲಿಲ್ಲ. ತೂಕ ತೀರ ಕಡಿಮೆ ಬರೆದಿತ್ತು. ಪಾಪ, ಕಾಯಿಲೆಯಲ್ಲಿ ಇಳಿದುಹೋಗಿದೆ ಎಂದುಕೊಂಡೆ.

ಸಿಡ್ನಿಯಲ್ಲಿದ್ದ ಕ್ವಾರಂಟೈನ್ ಮುಚ್ಚಿ, ಹೊರದೇಶದ ನಾಯಿಗಳೆಲ್ಲ ಮೆಲ್ಬರ್ನ್‌ನಲ್ಲೇ ಇಳಿದು ಹತ್ತು ದಿನ ಕಳೆಯಬೇಕೆಂದು ಆಗಿದ್ದ ವರ್ಷಗಳವು. ಅಲ್ಲಿಂದ ಮತ್ತೊಂದು ವಿಮಾನದಲ್ಲಿ ತರಿಸೋಣ ಎಂದೆ. ‘ಅಗೇನ್ ಇನ್ ಎ ಬಾಕ್ಸ್?’ ಎಂದು ಇಂಚರ ನನ್ನನ್ನು ನೋಡಿದ ರೀತಿಗೆ ನಾನೇ ಕಾರಿನಲ್ಲಿ ಹೊರಟೆ. ಅವಳಿಗೆ ಸ್ಕೂಲು, ಸುಮಂಗಲಾಗೆ ಕೆಲಸ. ‘ಅದಕ್ಕ ಗೊತ್ತಿರೋದು ನಿಮ್ಮ ಒಬ್ಬರ ಮುಖ’ ಎಂದು ಸುಮಂಗಲಾ ಬುತ್ತಿ ಕಟ್ಟಿಕೊಟ್ಟಳು.

ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ನನ್ನ ಹಳೆಯ ಸ್ನೇಹಿತ, ಮಂಗಳೂರಿನ ಲ್ಯಾನ್ಸಿ ಇದ್ದಾನೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದೇ ರೂಮಿನಲ್ಲಿ ರೆಂಟ್ ಹಂಚಿಕೊಂಡವರು ನಾವು. ಅವನಿಗೆ ಮಾತ್ರ ನಿಜ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ತನ್ನ ವ್ಯಾಕ್ಯೂಮ್ ಕ್ಲೀನರಿಗೆ ನಾಯಿಯ ಬೆಲ್ಟು ಕಟ್ಟಿ, ಹಿತ್ತಲಲ್ಲಿ ನನ್ನನ್ನು ಅದರ ಜೊತೆ ನಡೆಸಿದ. “ಹಗ್ಗ ಅಷ್ಟು ಬಿಗಿ ಎಂತಕ್ಕೆ ಮಾರಾಯ? ಸ್ವಲ್ಪ ಸಡಿಲ ಬಿಡು. ಮಾತಾಡ್ಸು ಅದನ್ನ!” ಎಂದ. ನಾನು ವ್ಯಾಕ್ಯೂಮ್ ಕ್ಲೀನರನ್ನು ‘ಬಾ, ಬಾ’ ಎಂದು ಕರೆಯುತ್ತ ಮೂರು ಸುತ್ತು ಹಾಕಿದೆ. ಬೇಲಿಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ ‘ವೆರಿ ವೆಲ್ ಬಿಹೇವ್ಡ್’ ಎಂದಳು. ನನಗೆಂದಳೋ ಅದಕ್ಕೆಂದಳೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕ್ವಾರಂಟೈನ್ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಲ್ಯಾನ್ಸಿ ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದ. ಒಳಗಿನಿಂದ ಒಬ್ಬ ಹುಡುಗಿ ಬಂದಳು. ಅವಳ ಬೂಟಿನ ಹಿಂದೆ ಏನೋ ನಡುಗುತ್ತಿತ್ತು. ಹುರಿದ ಶೇಂಗಾದ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಇಡೀ ಪ್ರಾಣಿಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ತೈಪೆಯ ಗೌಡ ಇದರಂಥ ನಾಲ್ಕನ್ನು ಕೂಡಿಸಿದಷ್ಟಿದ್ದ. ಯಾವ ಕಾಯಿಲೆಯೂ ಕಾಲಿನ ಉದ್ದ ಕಡಿಮೆ ಮಾಡುವುದಿಲ್ಲ.

“ಲ್ಯಾನ್ಸಿ, ಇದು ಆ ನಾಯಿ ಅಲ್ಲೋ” ಎಂದೆ.

“ಚರ್ಮದೊಳಗಿನ ಚಿಪ್ ನಂಬರ್ ಸರಿ ಉಂಟು, ಕಾಗದ ಸರಿ ಉಂಟು. ಅಲ್ಲ ಅಂದ್ರೆ ಎಂತ ಮಾಡುದು? ವಾಪಸ್ ಕೊಡ್ಲಿಕ್ಕೆ ಇದು ಅಂಗಡಿಯ ಶರ್ಟಾ ಮಾರಾಯ?”

ನಾಯಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿತು. ನನ್ನನ್ನು ಗುರುತಿಸುತ್ತದೆ ಎಂದು ಊರಿಗೆಲ್ಲ ಹೇಳಿದ್ದೆನಲ್ಲ, ಅದು ಹೋಗಿ ಲ್ಯಾನ್ಸಿಯ ಕಾಲ ಸಂದಿಯಲ್ಲಿ ಕೂತಿತು. ಅವನೇ ಎತ್ತಿ ನನ್ನ ಕಾರಿನ ಹಿಂದಿನ ಸೀಟಿನ ಪೆಟ್ಟಿಗೆಯೊಳಗೆ ಇಟ್ಟ. ಹೊರಡುವ ಮೊದಲು ಇಂಚರಳ ಮೆಸೇಜು: ‘ಡಿಡ್ ಶೀ ರೆಕಗ್ನೈಸ್ ಯೂ?’ ಉತ್ತರವಾಗಿ ಒಂದು ನಗುಮುಖದ ಚಿತ್ರ ಕಳಿಸಿದೆ.

ಮೆಲ್ಬರ್ನ್‌ನಿಂದ ಸಿಡ್ನಿಗೆ ಇಡೀ ಒಂದು ಹಗಲಿನ ದಾರಿ. ಫೆಬ್ರವರಿಯ ಬಿಸಿಲು. ನಾಯಿ ಒಂದು ಸದ್ದೂ ಮಾಡಲಿಲ್ಲ. ಆ ಮೌನ ತಡೆಯಲಾರದೆ ನಾನೇ ಮಾತಾಡತೊಡಗಿದೆ. ಮೊದಲು ಹವಾಮಾನದ ಬಗ್ಗೆ, ಆಮೇಲೆ ನನ್ನ ಮ್ಯಾನೇಜರ್ ಬಗ್ಗೆ, ಕೊನೆಗೆ ನಿಜದ ಬಗ್ಗೆ. “ನೋಡವಾ, ನೀ ಯಾರೋ ನನಗ ಗೊತ್ತಿಲ್ಲ. ನಾ ಯಾರೋ ನಿನಗ ಗೊತ್ತಿಲ್ಲ. ನಾ ಹೇಳಿದ್ದ ಒಂದ ಸುಳ್ಳಿಗೆ ನೀ ಸಮುದ್ರ ದಾಟಿ ಬಂದೀ. ಮನ್ಯಾಗ ಈಗ ಏನಂತ ಹೇಳ್ಲಿ?” ಕನ್ನಡಿಯಲ್ಲಿ ನೋಡಿದರೆ ಮಡಚಿದ ಕಿವಿಯೂ ಸ್ವಲ್ಪ ಎದ್ದಿತ್ತು. ನನ್ನ ಮಾತನ್ನು ಇಷ್ಟು ಹೊತ್ತು ಯಾರೂ ಅಡ್ಡ ಬಾಯಿ ಹಾಕದೆ ಕೇಳಿದ್ದು ನೆನಪಿಲ್ಲ.

ತೊಂದರೆ ಬೇರೆಯದೇ ಇತ್ತು. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲಿಸಿ, ವ್ಯಾಕ್ಯೂಮ್ ಕ್ಲೀನರಿನಲ್ಲಿ ಕಲಿತ ವಿದ್ಯೆಯಂತೆ ಬೆಲ್ಟು ಹಿಡಿದು ಹುಲ್ಲಿನ ಮೇಲೆ ನಿಲ್ಲಿಸುತ್ತಿದ್ದೆ. ಅದು ಹುಟ್ಟಿದಾಗಿನಿಂದ ಸಿಮೆಂಟಿನ ಗಲ್ಲಿಯನ್ನಷ್ಟೇ ಕಂಡ ಜೀವ. ಹುಲ್ಲು ಪಾದಕ್ಕೆ ತಾಗಿದರೆ ಕೆಂಡ ತಾಗಿದಂತೆ ಒಂದೊಂದೇ ಕಾಲೆತ್ತಿ ನನ್ನ ಮುಖ ನೋಡುತ್ತಿತ್ತು, ಮಾಡಬೇಕಾದದ್ದು ಮಾಡುತ್ತಿರಲಿಲ್ಲ. ದಾರಿಯಲ್ಲಿ ಸಿಗುವ ಆಲ್ಬರಿ ಎಂಬ ಊರು ದಾಟುವಷ್ಟರಲ್ಲಿ ನನಗೇ ಅವಸರವಾಯಿತು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಆ ಬಿಸಿಲಲ್ಲಿ ಕಾರಿನೊಳಗೆ ನಾಯಿಯನ್ನು ಬಿಡುವಂತಿಲ್ಲ. ಹೊರಗೆ ಕಂಬಕ್ಕೆ ಕಟ್ಟೋಣವೆಂದರೆ ಪಕ್ಕದ ಲಾರಿಯಿಂದ ಒಂದು ದೊಡ್ಡ ನಾಯಿ ಇಣುಕುತ್ತಿತ್ತು. ಬೇರೆ ದಾರಿಯಿರಲಿಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ನಾಯಿಯನ್ನು ಎತ್ತಿಕೊಂಡೆ. ಏನೂ ಆಗಲಿಲ್ಲ. ಬೆಚ್ಚಗಿತ್ತು. ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನನ್ನದೂ. ಇಬ್ಬರದೂ ಒಂದೇ ತಾಳ.

ಅದನ್ನು ಕಂಕುಳಲ್ಲಿ ಇರುಕಿಕೊಂಡು ಗಂಡಸರ ಟಾಯ್ಲೆಟ್ಟಿಗೆ ಹೋದೆ. ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರ್ ‘ನೈಸ್ ಡಾಗ್, ಮೇಟ್’ ಎಂದ. ಒಂದೇ ಕೈಯಲ್ಲಿ ಎಲ್ಲವನ್ನೂ ನಿಭಾಯಿಸುವುದು ಆಗದೆ ಅದನ್ನು ನೆಲದ ಮೇಲೆ ಇಳಿಸಿದೆ. ಕಾಲ ಕೆಳಗೆ ಪರಿಚಯದ ಸಿಮೆಂಟು, ಕಿವಿಗೆ ನೀರಿನ ಸದ್ದು. ಬೆಳಗಿನಿಂದ ತಡೆದುಕೊಂಡಿದ್ದ ಆ ಹೆಣ್ಣುಜೀವ ಅಲ್ಲೇ, ನನ್ನ ಬೂಟಿನ ಪಕ್ಕದಲ್ಲೇ ಕೂತು, ಮುಗಿಯದ ಹಾಗೆ ಹೊಯ್ದಿತು. ‘ಶಾಬಾಶ್ ಮಗಳ!’ ಎಂದು ನಾನು ಕೂಗಿದ್ದಕ್ಕೆ ಲಾರಿ ಡ್ರೈವರ್ ಕೈಯನ್ನೂ ತೊಳೆಯದೆ ಹೊರಗೆ ಹೋದ. ಸ್ವಚ್ಛ ಮಾಡುವ ಬಕೀಟು ಮೂಲೆಯಲ್ಲಿತ್ತು. ನೆಲ ಒರೆಸುತ್ತಿದ್ದಾಗ ನನಗೆ ಒಂದು ವಿಷಯ ಖಚಿತವಾಯಿತು: ಇದನ್ನು ಯಾರಿಗೂ ವಾಪಸ್ ಕೊಡುವುದಿಲ್ಲ. ಆದರೆ ಮಗಳಿಗೆ ನಿಜ ಹೇಳಲೇಬೇಕು. ಅವಳು ನನ್ನನ್ನು ಮತ್ತೆ ನಂಬದಿದ್ದರೆ ಏನು ಗತಿ ಎಂಬ ಯೋಚನೆಯಲ್ಲಿ ಉಳಿದ ದಾರಿ ಸಾಗಿತು.

ಸಂಜೆ ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಇಂಚರ ಓಡಿಬಂದವಳು ಹತ್ತು ಹೆಜ್ಜೆ ದೂರದಲ್ಲೇ ನಿಂತು, ನಾಯಿ ಹೆದರಬಾರದೆಂದು ಡ್ರೈವ್‌ವೇಯಲ್ಲೇ ಕೂತುಬಿಟ್ಟಳು. ನಾನು ಗಂಟಲು ಸರಿಮಾಡಿಕೊಂಡೆ.

“ಇಂಚರಾ, ಇದು ಆ ನಾಯಿ ಅಲ್ಲ ಮಗಳ.”

“ಐ ನೋ” ಎಂದಳು, ಕಣ್ಣು ನಾಯಿಯ ಮೇಲಿಂದ ತೆಗೆಯದೆ. “ದೇರ್ ವರ್ ಟೂ, ಅಪ್ಪ. ದ ಬಿಗ್ ವನ್, ಅಂಡ್ ಹರ್. ಶೀ ವಾಸ್ ಆಲ್ವೇಸ್ ಅಂಡರ್ ದ ಸ್ಕೂಟರ್. ಡಿಡಂಟ್ ಯೂ ಸೀ?”

ನಾನು ನೋಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಮಂಗಲಾ ಉಳಿದದ್ದನ್ನು ಹೇಳಿದಳು. “ದೊಡ್ಡದು ವಾಚ್‌ಮನ್‌ಂದ ನಾಯಿರೀ. ಅದು ತಿಂದು ಬಿಟ್ಟ ಚಪಾತಿ ಈ ಕೂಸು ತಿಂತಿತ್ತಂತ. ಇಮೇಲ್ ಬಂದ ವಾರನ ಆ ಲಿನ್‌ಗ ನಾವು ಬರದು ಕೇಳಿದ್ವಿ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ತರಾಕ ಹೋಗ್ತಿದ್ರೇನು? ಮದುವಿಗೆ ಮೊದಲ, ನನ್ನ ನೋಡಾಕ ಬಂದಾಗ, ನಮ್ಮನಿ ನಾಯಿ ಮೂಸಿದ್ದಕ್ಕ ಉಪ್ಪಿಟ್ಟಿನ ಪ್ಲೇಟ್ ಹಿಡ್ಕೊಂಡ ಕುರ್ಚಿ ಮ್ಯಾಲ ಕಾಲ ತಗೊಂಡು ಕುಂತಿದ್ರಿ. ನನಗ ಗೊತ್ತಿಲ್ಲೇನು ನಿಮ್ಮ ಧೈರ್ಯ?”

ನಾಯಿ ಅಷ್ಟರಲ್ಲಿ ಇಂಚರಳ ಬೆರಳು ಮೂಸುತ್ತಿತ್ತು. “ಯೂ ವರ್ ಸೋ ಸ್ಕೇರ್ಡ್, ಅಪ್ಪ” ಎಂದಳು ಮಗಳು, ಮೆಲುದನಿಯಲ್ಲಿ. “ದ ಫೋನ್ ವಾಸ್ ಶೇಕಿಂಗ್. ಬಟ್ ಯೂ ಸ್ಟಿಲ್ ಫೆಡ್ ದೆಮ್. ಎವ್ರಿ ಡೇ.”

ಹೆದರಿದರೂ ಹಾಕಿದ್ದಲ್ಲ ಮಗಳೇ, ಹೆದರಿದ್ದಕ್ಕೇ ಹಾಕಿದ್ದು ಎಂದು ಹೇಳಲು ಬಾಯಿ ತೆರೆದೆ. ಸುಮಂಗಲಾ ಕಣ್ಣಿನಲ್ಲೇ ಗದರಿಸಿದಳು. ಮುಚ್ಚಿದೆ.

ಹೆಸರು ಶೇಂಗಾ ಎಂದಾಯಿತು. ಬೆಳಗಿನ ವಾಕಿಂಗ್ ನನ್ನ ಪಾಲಿಗೆ ಬಂತು. ಹೋಗಹೋಗುತ್ತ ತಿಳಿದ ಸಂಗತಿ ಏನೆಂದರೆ, ಶೇಂಗಾಳಿಗೆ ಮನುಷ್ಯರೆಂದರೆ ಪ್ರೀತಿ, ಬೆಕ್ಕೆಂದರೆ ಕುತೂಹಲ, ಹುಲ್ಲೂ ಈಗ ರೂಢಿಯಾಗಿದೆ, ಆದರೆ ನಾಯಿ ಕಂಡರೆ ಮಾತ್ರ ಮೈಯೆಲ್ಲ ನಡುಕ. ದೂರದ ತಿರುವಿನಲ್ಲಿ ಒಂದು ಬಾಲ ಕಂಡರೆ ಸಾಕು, ನನ್ನ ಕಾಲಿನ ಹಿಂದೆ ಅಡಗುತ್ತಾಳೆ. ನನಗೆ ಅಡಗಲು ಯಾರ ಕಾಲೂ ಇಲ್ಲದ್ದರಿಂದ ಅವಳನ್ನು ಎತ್ತಿಕೊಳ್ಳುತ್ತೇನೆ. ಎದುರು ಬರುವ ನಾಯಿಯ ಯಜಮಾನನಿಗೆ ತುಂಬ ಗಂಭೀರವಾಗಿ, ಸ್ವಲ್ಪ ಬೇಸರ ನಟಿಸಿ, ‘ಸಾರಿ ಮೇಟ್, ಇವಳಿಗೆ ನಾಯಿ ಅಂದ್ರೆ ಹೆದರಿಕೆ’ ಎಂದು ಹೇಳಿ, ಇಬ್ಬರೂ ಲಗುಬಗೆಯಿಂದ ರಸ್ತೆ ದಾಟುತ್ತೇವೆ.