ಮಾವನವರ ಡಿಸ್ಚಾರ್ಜ್ ತಡವಾದದ್ದು

ಆಸ್ಪತ್ರೆಯಲ್ಲಿ ನಗುವಂಥದ್ದೇನೂ ನಡೆಯಬಾರದು ಎಂಬುದು ಸಭ್ಯರ ಅಭಿಪ್ರಾಯ. ಆದರೆ ರೋಗಿಯನ್ನು ನೋಡಲು ಜನ ಬರುತ್ತಿರುವ ತನಕ ಅದು ನಡೆಯುತ್ತಲೇ ಇರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಾವನವರ ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ ಕಾಣಿಸಿಕೊಂಡಿತು. ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆದರು. ಹಗಲಿನ ಕಾವಲು ಸೊಸೆಯಾದ ನನ್ನದು. ನಿವೃತ್ತ ಹೆಡ್‌ಮಾಸ್ಟರಾದ ಮಾವನವರು ಕಣ್ಣು ಬಿಟ್ಟೊಡನೆ ಕೇಳಿದ್ದು ಒಂದೇ: ಹಲಸೂರಿನ ಮನೆಗೆ ಹೋಗುವುದು ಯಾವಾಗ?

ಸರ್ಜನ್ ದಿನ ಗೊತ್ತುಮಾಡಲು ಒಪ್ಪಲಿಲ್ಲ. “ಒಳಗಿನ ಹೊಲಿಗೆ ಕೂಡ್ಕೋಬೇಕು, ಕರುಳು ಕೆಲಸ ಶುರು ಮಾಡ್ಬೇಕು. ಮೊದ್ಲು ಗ್ಯಾಸ್ ಹೋಗ್ಲಿ. ಆಮೇಲೆ ನೀರು, ಗಂಜಿ, ಆಮೇಲೆ ಮನೆ,” ಎಂದರು.

ಗಾಳಿ ಸೋಕಿದವರು

ಮೊದಲು ಬಂದವರು ಕೆ.ಆರ್. ಪುರದ ಚಿಕ್ಕಮಾವ, ಜೊತೆಗೆ ಅವರ ಎದುರುಮನೆಯಾಕೆ. ಚಿಕ್ಕಮಾವ ಹಾಸಿಗೆಯ ಅಂಚಿನಲ್ಲಿ ಕುಳಿತು, ರೋಗಿಗೆ ಸ್ಪಷ್ಟವಾಗಿ ಕೇಳಿಸುವಂಥ ಪಿಸುಮಾತಿನಲ್ಲಿ ಹೇಳಿದರು: “ಕೊಯ್ಸಬಾರ್ದಿತ್ತು ಕಣಮ್ಮ. ಕ್ಯಾನ್ಸರ್‌ಗೆ ಗಾಳಿ ಸೋಕಿದ್ರೆ ಮೈಯೆಲ್ಲಾ ಹರಡತ್ತೆ. ನಮ್ ಕಡೆ ಒಬ್ರು ಹಾಗೇ ಹೋದ್ರು.”

“ಯಾರು, ಚಿಕ್ಕಮಾವ?”

“ನಂಗೆ ಪರಿಚಯ ಇಲ್ಲ. ಇವರಿಗೆ ಗೊತ್ತು.”

“ನಂಗಲ್ಲ,” ಎಂದರು ಎದುರುಮನೆಯಾಕೆ. “ನಮ್ ನಾದಿನಿಗೆ ಗೊತ್ತು.”

ಇಂಥ ಮೃತರು ನಮಗೆ ಗೊತ್ತಿರುವವರ ಮನೆಯಲ್ಲಿ ಎಂದೂ ಸಾಯುವುದಿಲ್ಲ. ಸದಾ ಎರಡು ಮನೆ ಆಚೆಗೆ ಸಾಯುತ್ತಾರೆ. ನಾನು ಬಿಡಲಿಲ್ಲ. “ಕೊಯ್ಸದೆ ಬಿಟ್ಟವರು ಉಳ್ಕೊಂಡ್ರಾ?”

ಚಿಕ್ಕಮಾವ ಯೋಚಿಸಿದರು. “ಉಳೀಲಿಲ್ಲ. ಆದ್ರೆ ಗಾಳಿ ಸೋಕದೆ ಹೋದ್ರು.”

ಐದೇ ದಿನ

ಇಂದಿರಾನಗರದಿಂದ ಬಂದ ನನ್ನ ಪತಿಯ ಸಹೋದ್ಯೋಗಿಯೊಬ್ಬರಿಗೆ ಮಾವನವರು ಇನ್ನೂ ಅಲ್ಲಿರುವುದೇ ಅವಮಾನವಾಗಿ ಕಂಡಿತು.

“ಎಳೀತಾರೆ ಮೇಡಂ, ಬೇಕೂಂತ ಎಳೀತಾರೆ. ನಮ್ ಭಾವನ್ನ ಐದೇ ದಿನಕ್ಕೆ ಕಳಿಸಿದ್ರು. ಆಟೋದಲ್ಲಿ ಕೂತ್ಕೊಂಡೇ ಬಂದ್ರು.”

“ಅವರಿಗೂ ಜಠರ ತೆಗೆದಿದ್ರಾ?”

“ಇಲ್ಲ, ಹರ್ನಿಯಾ.”

“ಅದು ಬೇರೆ ಅಲ್ವಾ ಸಾರ್?”

ಅವರು ನನ್ನ ಅಜ್ಞಾನವನ್ನು ಕ್ಷಮಿಸುವವರಂತೆ ನಕ್ಕರು. “ಹೊಟ್ಟೆ ಎಲ್ಲಾರ್ದೂ ಒಂದೇ, ಮೇಡಂ.”

ಬರಿಗೈಲಿ ಬರಬಾರದು

ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದು ಎಂಬ ಪದ್ಧತಿಗೆ, ರೋಗಿ ತಿನ್ನಬಹುದೇ ಎಂಬ ಪ್ರಶ್ನೆಯೊಡನೆ ಯಾವ ಸಂಬಂಧವೂ ಇಲ್ಲ. ಮಾವನವರ ಮೂಗಿನಲ್ಲಿ ನಳಿಕೆ. ತಲೆಯ ಮೇಲೆ, ಬಾಯಿಗೆ ಏನನ್ನೂ ಕೊಡಬಾರದೆಂಬ ಫಲಕ. ಅವರ ಜೊತೆ ಹಲಸೂರು ಕೆರೆಯ ಬಳಿ ವಾಕಿಂಗ್ ಹೋಗುತ್ತಿದ್ದ ಹಿರಿಯರೊಬ್ಬರು ರಸೆಲ್ ಮಾರುಕಟ್ಟೆಯಿಂದ ಒಂದು ಚೀಲ ಮೂಸಂಬಿ ಹೊತ್ತು ತಂದರು.

ನಾನು ಫಲಕವನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ, ನಿಧಾನವಾಗಿ ಓದಿದರು. “ಅದು ಅನ್ನಕ್ಕಮ್ಮ. ಹಣ್ಣಿಗಲ್ಲ.”

ಹಣ್ಣಿಗೂ ಅನ್ವಯಿಸುತ್ತದೆಂದು ನರ್ಸ್ ಬಂದು ಹೇಳಬೇಕಾಯಿತು. ತಂದದ್ದನ್ನು ಹಿಂದಕ್ಕೆ ಒಯ್ಯುವುದು ಅಶುಭವಂತೆ. ಹಾಗಾಗಿ ಅವರು ಅಲ್ಲೇ ಕುಳಿತು, ದಿನಗಳಿಂದ ತೊಟ್ಟು ನೀರು ಕಾಣದ ಮಾವನವರ ಮುಖದ ಮುಂದೆಯೇ ಒಂದೊಂದಾಗಿ ಸುಲಿದು ತಿಂದರು. ಹೊರಡುವಾಗ ಬಾಯಿ ಒರೆಸಿಕೊಂಡು, “ತುಂಬಾ ಸಿಹಿ ಇದೆ ಮೇಷ್ಟ್ರೇ. ನಿಮಗೆ ಒಳ್ಳೇದು,” ಎಂದು ಹಾರೈಸಿದರು.

ಇಲ್ಲ

ಸರ್ಜನ್ ಸಂಜೆ ರೌಂಡ್ಸಿಗೆ ಬರುತ್ತಿದ್ದರು. ಬೆನ್ಸನ್ ಟೌನಿನಿಂದ ನನ್ನ ತಂದೆತಾಯಿ ಬೀಗರನ್ನು ವಿಚಾರಿಸಿಕೊಳ್ಳಲು ಬರುತ್ತಿದ್ದುದೂ ಅದೇ ಹೊತ್ತಿಗೆ. ಪ್ರತಿದಿನವೂ ಎಲ್ಲರೂ ಕೈಕಟ್ಟಿ ನಿಂತಿರುವಾಗ ಸರ್ಜನ್ ಗಟ್ಟಿಯಾಗಿ, “ಏನ್ ಸಾರ್, ಗ್ಯಾಸ್ ಹೋಯ್ತಾ?” ಎಂದು ಕೇಳುವರು. ಮಾವನವರು ಗೋಡೆಯ ಕಡೆ ನೋಡುತ್ತ, “ಇಲ್ಲ,” ಎನ್ನುವರು. ನನ್ನ ತಾಯಿ ನಿಟ್ಟುಸಿರು ಬಿಡುವರು. ನಳಿಕೆ ಮೂಗಿನಲ್ಲೇ ಉಳಿಯುವುದು, ಮನೆ ಇನ್ನೊಂದು ದಿನ ದೂರವಾಗುವುದು.

ಒಂದು ಸಂಜೆ ಸರ್ಜನ್ ಹೊಟ್ಟೆಗೆ ಸ್ಟೆತಸ್ಕೋಪ್ ಒತ್ತಿ, ಬಹಳ ಹೊತ್ತು ಕೇಳಿ, ಹುಬ್ಬು ಗಂಟಿಕ್ಕಿದರು. “ಶಬ್ದ ಚೆನ್ನಾಗೇ ಇದೆ. ಗ್ಯಾಸ್ ಮಾತ್ರ ಹೋಗಿಲ್ಲ ಅಂತಾರೆ. ಎಲ್ಲೋ ತಡೆ ಇದೆಯೇನೋ. ನಾಳೆ ಸ್ಕ್ಯಾನ್ ಮಾಡಿಸೋಣ. ಬೇಕಾದ್ರೆ ಇನ್ನೊಂದ್ಸಲ ತೆರೆದು ನೋಡ್ಬೇಕಾಗತ್ತೆ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ವಯಸ್ಸಿನಲ್ಲಿ, ಆ ಬಡಕಲು ದೇಹಕ್ಕೆ, ಎರಡನೆಯ ಶಸ್ತ್ರಚಿಕಿತ್ಸೆ ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು.

ಆಗ ಮಾವನವರು ಎರಡು ಬೆರಳೆತ್ತಿ ನಮಗೆಲ್ಲ ಹೊರಗೆ ಹೋಗುವಂತೆ ಸನ್ನೆ ಮಾಡಿದರು. ನಾವು ಪರದೆಯಾಚೆಗೆ ಹೋದೆವು. ಆಸ್ಪತ್ರೆಯ ಪರದೆ ಮರೆ ಮಾಡುವುದು ಕಣ್ಣಿಗೆ ಮಾತ್ರ.

“ಡಾಕ್ಟ್ರೇ,” ಎಂದರು ಮಾವನವರು, “ಅದು ಸೋಮವಾರದಿಂದಲೂ ಹೋಗ್ತಾ ಇದೆ.”

ಅಂದು ಗುರುವಾರ.

“ಮತ್ತೆ ದಿನಾ ಇಲ್ಲ ಇಲ್ಲ ಅಂತಿದ್ರಿ?”

“ನೀವು ಕೇಳಿದ್ದು ಯಾರೆದುರಿಗೆ? ಒಂದು ಕಡೆ ಸೊಸೆ, ಇನ್ನೊಂದು ಕಡೆ ಬೀಗರು. ಹೌದು ಅನ್ನೋ ಮಾತೇನ್ರೀ ಅದು?”

ಪರದೆಯ ಈಚೆ ನನ್ನ ತಂದೆಯವರು ಕೈಗಡಿಯಾರವನ್ನು ಅತ್ಯಂತ ಶ್ರದ್ಧೆಯಿಂದ ಪರೀಕ್ಷಿಸತೊಡಗಿದರು. ಒಳಗೆ ಸರ್ಜನ್ನರ ದನಿ ಸೋತಿತ್ತು. “ಸಾರ್, ನಾಳೆ ನಾನು ಹೊಟ್ಟೆ ತೆರೆದು, ಒಳಗೆ ಏನೂ ಇಲ್ಲದೇ ಹೋಗಿದ್ರೆ ಏನ್ ಗತಿ?”

“ಹೊಟ್ಟೇಲಿ ಮುಕ್ಕಾಲು ನೀವು ಆಗ್ಲೇ ತೆಗೆದಿದ್ದೀರಿ,” ಎಂದರು ಮಾವನವರು. “ಮಾನ ಪೂರ್ತಿ ಇರ್ಲಿ ಅಂತ ನೋಡಿದೆ.”