ಗಂಟೆಗೋಪುರದ ಕೊಕ್ಕರೆ ದಂಪತಿಗಳ ಸನ್ನಿಧಿಗೆ

ನಮ್ಮೂರ ಸಂತ ನಿಕೋಲಾಸರ ಚರ್ಚಿನ ಗಂಟೆಗೋಪುರದ ನೆತ್ತಿಯ ಮೇಲೆ ಸಂಸಾರ ಹೂಡಿರುವ ಮಾನ್ಯ ಕೊಕ್ಕರೆ ದಂಪತಿಗಳಿಗೆ, ಕೆಳಬೀದಿಯ ಝೀಸಿಸನ ಹೆಂಡತಿ ಕ್ರಿಸಾವ್ಗಿ, ತಮ್ಮ ಬಾಲ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ಚಳಿಗಾಲದ ಬಿರುಗಾಳಿಗೆ ನದಿದಂಡೆಯ ಹಳೇ ಮರ ಉರುಳಿದಾಗ ತಮ್ಮ ಗೂಡೂ ನೆಲಕಚ್ಚಿತು. ಆಫ್ರಿಕಾದಿಂದ ಹಾರಿ ಬಂದು ಮನೆಯೇ ಇಲ್ಲದ್ದನ್ನು ಕಂಡ ತಾವು ಊರಿನಲ್ಲೆಲ್ಲ ಎತ್ತರದ, ಗಾಳಿಯಾಡುವ, ದೇವರಿಗೂ ಹತ್ತಿರವಿರುವ ಜಾಗವನ್ನೇ ಆರಿಸಿಕೊಂಡಿರಿ. ತಮ್ಮ ಭಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ತಾವು ತಂದು ಪೇರಿಸಿದ ಕಡ್ಡಿ, ಹುಲ್ಲು, ಹಗ್ಗದ ತುಂಡು, ಜೊತೆಗೆ ನಮ್ಮ ಯಜಮಾನರ ಒಂದು ಕಾಲುಚೀಲ, ಎಲ್ಲ ಕೆಳಗೆ ಇಳಿಬಿದ್ದು ಗಂಟೆಯ ನಾಲಿಗೆಗೆ ಸುತ್ತಿಕೊಂಡಿರುವುದರಿಂದ ಅದು ಈಗ ಮಾತನಾಡುತ್ತಿಲ್ಲ.

ಗೂಡನ್ನು ಪಕ್ಕದಲ್ಲೊಂದು ಕಂಬ ನೆಟ್ಟು ಅದರ ಮೇಲಿಡೋಣವೆಂದು ಊರವರು ಕಚೇರಿಗಳಿಗೆ ಅರ್ಜಿ ಹಾಕಿದರು. ಸ್ಮಾರಕದ ಕಚೇರಿಯವರು, ಚರ್ಚು ನಾಡಿನ ಆಸ್ತಿ, ಅಂಗಳದಲ್ಲಿ ಕಂಬವಿರಲಿ ಮೊಳೆ ಕೂಡ ಹೊಡೆಯುವಂತಿಲ್ಲ ಎಂದರು. ಹಕ್ಕಿಗಳ ಕಚೇರಿಯವರು, ಕೊಕ್ಕರೆಯೂ ನಾಡಿನ ಆಸ್ತಿ, ಒಂದು ಕಡ್ಡಿಯನ್ನೂ ಅಲುಗಿಸುವಂತಿಲ್ಲ ಎಂದರು. ಹೀಗೆ ಗೋಪುರಕ್ಕೊಂದು ಕಾನೂನು, ತಮಗೊಂದು ಕಾನೂನು ಕಾವಲು ನಿಂತು, ಊರಿನಲ್ಲಿ ಯಾವ ರಕ್ಷಣೆಯೂ ಇಲ್ಲದೆ ಉಳಿದವರೆಂದರೆ ನಾವು ಮನುಷ್ಯರು ಮತ್ತು ನಮ್ಮ ಕೋಳಿಗಳು ಮಾತ್ರ.

ಶುಭ ಶುಕ್ರವಾರ ನಾವು ಕ್ರಿಸ್ತನ ಹೂವಿನ ಚಟ್ಟ ಹೊತ್ತು ಗೋಪುರದ ಕೆಳಗೆ ಹಾದುಹೋಗುವಾಗ ತಾವು ಮೇಲಿನಿಂದ ಅರ್ಪಿಸಿದ ಕಪ್ಪೆಯ ಬಗ್ಗೆ ನಾನು ದೂರುವುದಿಲ್ಲ. ಅವರವರ ಕೈಲಾದಷ್ಟು ಕಾಣಿಕೆ. ಈಸ್ಟರಿಗೆ ನಮ್ಮ ಪಾದ್ರಿ ಪಾಪಾ ಲಾಂಬ್ರೋಸ್ ಗಂಟೆಯ ಬದಲು ಮರದ ಹಲಗೆಯನ್ನು ಸುತ್ತಿಗೆಯಿಂದ ಬಡಿದು ಕ್ರಿಸ್ತ ಎದ್ದುಬಂದ ಸುದ್ದಿ ಸಾರಿದರು. ಅರ್ಧ ಊರು ಯಾರೋ ಬಾಗಿಲು ರಿಪೇರಿ ಮಾಡಿಸುತ್ತಿದ್ದಾರೆಂದು ಮನೆಯಲ್ಲೇ ಕುಳಿತಿತ್ತು. ಅದನ್ನೂ ನಾನು ನುಂಗಿಕೊಂಡೆ.

ನುಂಗಲಾಗದ್ದು ನನ್ನ ಅತ್ತೆ ಪೋಲಿಕ್ಸೇನಿಯವರ ವಿಷಯ. ಈಸ್ಟರ್ ಕಳೆದ ಮೇಲೆ ಅವರು ಹಾಸಿಗೆ ಹಿಡಿದರು, ಊಟ ಬಿಟ್ಟರು, ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರು ಕೈಚೆಲ್ಲಿದರು. ಪಾಪಾ ಲಾಂಬ್ರೋಸ್ ಬಂದು ಪ್ರಸಾದದ ರೊಟ್ಟಿ-ದ್ರಾಕ್ಷಾರಸ ಕೊಟ್ಟು, ಸಮಾಧಾನ ಹೇಳಲು ಹೋಗಿ ಒಂದು ಮಾತು ಆಡಿಬಿಟ್ಟರು: "ನೀವೇನೂ ಯೋಚನೆ ಮಾಡ್ಬೇಡಿ ಅಜ್ಜಿ, ಎಲ್ಲಾ ಶಾಸ್ತ್ರೋಕ್ತವಾಗಿ ಮಾಡ್ತೀವಿ. ಗಂಟೆ ಒಂದು ಇರಲ್ಲ, ಅಷ್ಟೇ."

ಅತ್ತೆ ಕಣ್ಣು ಬಿಟ್ಟರು. "ಏನಂದೆ?"

"ಹಲಗೆ ಬಡಿತೀವಿ ಅಜ್ಜಿ, ಜೋರಾಗೇ ಬಡಿತೀವಿ."

"ಹಲಗೆ ಬಡಿಯೋಕೆ ನಾನೇನು ಕಳುವಾದ ಮೇಕೇನೋ? ನದಿಯಾಚೆ ನನ್ನ ತವರೂರಿದೆ. ಅಲ್ಲಿಂದ ಮದುವೆಯಾಗಿ ಬಂದಾಗ ಇದೇ ಗಂಟೆ ಹೊಡೆದಿದ್ರು, ಅಲ್ಲಿವರೆಗೂ ಕೇಳಿಸಿತ್ತಂತೆ. ಹೋಗುವಾಗ್ಲೂ ಕೇಳಿಸ್ಬೇಕು. ಪೋಲಿಕ್ಸೇನಿ ಹೋದಳು ಅಂತ ಅಲ್ಲಿ ಒಬ್ಬರಾದ್ರೂ ಕೈಲಿದ್ದ ಕೆಲಸ ಬಿಟ್ಟು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೋಬೇಕು. ಆ ಲಂಬೂಕಾಲಿನ ಪೀಡೆ ಯಾವಾಗ ತೊಲಗತ್ತೆ?"

"ಆಗಸ್ಟಿನಲ್ಲಿ, ದೇವಮಾತೆಯ ಹಬ್ಬದ ಹೊತ್ತಿಗೆ."

"ಹಾಗಾದ್ರೆ ನಾನು ಆಗಸ್ಟಿನವರೆಗೆ ಸಾಯಲ್ಲ. ಸೊಸೇ, ಸೂಪು ತಗೊಂಬಾ. ಉಪ್ಪು ಹಾಕಿರು ಈ ಸಲ."

ಮಾನ್ಯರೇ, ಅಂದಿನಿಂದ ನಡೆದದ್ದಕ್ಕೆ ತಾವೇ ಸಾಕ್ಷಿ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಅತ್ತೆ ಬಾಲ್ಕನಿಗೆ ಬಂದು, ಕೋಲು ಎತ್ತಿ, "ಏ ಬರಗಾಲದ ಹಕ್ಕೀ, ಗಂಟುಮೂಟೆ ಕಟ್ಟು!" ಎಂದು ತಮ್ಮನ್ನು ಹರಸುತ್ತಾರೆ, ತಾವು ಕತ್ತು ಹಿಂದಕ್ಕೆ ಚೆಲ್ಲಿ ಕೊಕ್ಕು ಪಟಪಟಿಸಿ ಉತ್ತರ ಕೊಡುತ್ತೀರಿ, ಸೋಲೊಪ್ಪದ ಅವರು ಮತ್ತೂ ಜೋರಾಗಿ ಶುರುಮಾಡುತ್ತಾರೆ. ಬೈದು ಬೈದು ಹಸಿವಾಗಿ ಕಾಡುಸೊಪ್ಪಿನ ಕಡುಬನ್ನು ತಟ್ಟೆ ತುಂಬ ತಿನ್ನುತ್ತಾರೆ. ಕಾಫಿ ಸರಿಯಿಲ್ಲ ಎನ್ನುತ್ತಾರೆ, ನಾನು ಒಗೆದ ಬಟ್ಟೆಯಲ್ಲಿ ಕಲೆ ಹುಡುಕುತ್ತಾರೆ, ನನ್ನ ತಾಯಿ ಏನು ಕಲಿಸಿದಳೆಂದು ಕೇಳುತ್ತಾರೆ. ಇಷ್ಟು ಆರೋಗ್ಯವಾಗಿ ಅವರನ್ನು ನಾನು ಹತ್ತಾರು ವರ್ಷಗಳಲ್ಲಿ ನೋಡಿಲ್ಲ. ಡಾಕ್ಟರ ಔಷಧಿಗೂ ಸಂತರ ಎಣ್ಣೆಗೂ ಆಗದ್ದನ್ನು ತಮ್ಮ ಕೊಕ್ಕು ಮಾಡಿತು. ದೇವರು ಯಾರ ಕೈಯಲ್ಲಿ ಕೆಲಸ ಮಾಡಿಸುತ್ತಾನೋ ಹೇಳಲಾಗದು; ಈ ಸಲ ಕೈಯೇ ಇಲ್ಲದವರಿಂದ ಮಾಡಿಸಿದ.

ಈಗ ನನ್ನ ದೂರಿಗೆ ಬರುತ್ತೇನೆ. ಆಗಸ್ಟ್ ಹುಟ್ಟಿದೆ, ದೇವಮಾತೆಯ ಉಪವಾಸ ಶುರುವಾಗಿದೆ, ತಮ್ಮ ಮರಿಗಳು ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿವೆ. ನಿನ್ನೆ ಅತ್ತೆ ಸಾವಿನ ದಿನಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಕರಿಯ ರೇಷ್ಮೆ ಉಡುಪು ತೆಗೆಸಿ ನನ್ನ ಕೈಲೇ ಇಸ್ತ್ರಿ ಹಾಕಿಸಿದರು. "ಅವು ಹಾರಲಿ, ಪಾದ್ರಿ ಗಂಟೆ ಬಿಡಿಸಲಿ, ಆಮೇಲೆ ನಾನೂ ಹೊರಡ್ತೀನಿ," ಎಂದು, ಬಸ್ಸಿಗೆ ಕಾಯುವವರ ಹಾಗೆ ಹೇಳಿದರು. ನಾನು ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹೋದೆ. ನನ್ನ ತಾಯಿ ಹೋದ ಮೇಲೆ ನನ್ನನ್ನು ಬೈಯುವವರು ಇವರೊಬ್ಬರೇ ಉಳಿದಿರುವುದು.

ಆದ್ದರಿಂದ ವಿನಂತಿ: ತಾವು ಈ ವರ್ಷ ಹೋಗಬಾರದು. ಚಳಿ ಇದೆ, ಒಪ್ಪುತ್ತೇನೆ. ಮರಿಗಳಿಗೂ ಸೇರಿಸಿ ಕುರಿಯುಣ್ಣೆಯ ಕಾಲುಚೀಲ ಹೆಣೆದುಕೊಡುತ್ತೇನೆ, ಉದ್ದದ ಬಗ್ಗೆ ಚಿಂತೆ ಬೇಡ. ಹಿಮ ಬಿದ್ದಾಗ ಕಪ್ಪೆ ಸಿಗದಿದ್ದರೆ ಮೀನು ತರುತ್ತೇನೆ, ಉಪವಾಸದ ದಿನ ಮಾತ್ರ ಕೇಳಬೇಡಿ. ತಮ್ಮ ಜಾತಿಯವರು ಮುದಿ ತಂದೆತಾಯಿಯರನ್ನು ರೆಕ್ಕೆಯ ಮೇಲೆ ಹೊತ್ತು ಸಾಕುತ್ತಾರೆಂದು ನಮ್ಮ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿಜವಾಗಿದ್ದರೆ ನನ್ನ ಮಾತು ತಮಗೆ ಅರ್ಥವಾದೀತು.

ಸದಾ ತಮ್ಮ ಕೆಳಗೇ ಓಡಾಡುವ
ತಮ್ಮ ವಿಶ್ವಾಸಿ,
ಕ್ರಿಸಾವ್ಗಿ

ತಾ.ಕ.: ಅಷ್ಟು ಹೇಳಿದರೂ ಹೊರಟೇ ಹೋಗುವುದಾದರೆ ಹೋಗಿ ಬನ್ನಿ, ದಾಕ್ಷಿಣ್ಯವಿಲ್ಲದವರನ್ನು ಕಟ್ಟಿಹಾಕುವುದಕ್ಕಾಗುತ್ತದೆಯೇ, ಗೂಡನ್ನು ಮಾತ್ರ ಒಂದು ಕಡ್ಡಿಯೂ ಕಡಿಮೆಯಾಗದಂತೆ ಇಲ್ಲೇ ಬಿಟ್ಟುಹೋಗತಕ್ಕದ್ದು. ಖಾಲಿ ಗೂಡೂ ನಾಡಿನ ಆಸ್ತಿಯೇ ಎಂದು ಹಕ್ಕಿಗಳ ಕಚೇರಿಯಿಂದ ನಾನು ಆಗಲೇ ಬರೆಸಿ ತರಿಸಿದ್ದೇನೆ. ಕಾನೂನಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲದ ಕಾರಣ ಚರ್ಚಿನ ಏಣಿಯನ್ನೂ ಬಚ್ಚಿಟ್ಟಿದ್ದೇನೆ. ಇದು ಬಹಿರಂಗ ಪತ್ರವಾದ್ದರಿಂದ ಎಲ್ಲಿ ಎಂದು ಬರೆಯುವುದಿಲ್ಲ. ಅತ್ತೆಗೆ ಓದು ಬಾರದು, ಓದಿ ಹೇಳುವವಳು ನಾನೇ. ತಮ್ಮನ್ನು ಬೈದಿರುವಷ್ಟನ್ನು ಮಾತ್ರ ಓದಿ ಹೇಳುತ್ತೇನೆ, ಸಾಲದು ಎಂದೇ ಅನ್ನುತ್ತಾರೆ.