ಆರು ವೋಲ್ಟಿನ ಗಾಡಿ, ಹನ್ನೆರಡು ವೋಲ್ಟಿನ ಸಂಕಟ

ಹಳೇ ಮೋಟಾರ್ ಸೈಕಲ್ ಸಾಕಿದವನಿಗೆ ಒಂದು ವಾರ ಏನೂ ತೊಂದರೆಯಿಲ್ಲದೆ ಕಳೆದರೆ, ಗಾಡಿ ಕಳವಾಗಿರಬೇಕೆಂದು ಗಾಬರಿಯಾಗುತ್ತದಂತೆ. ನನಗೆ ಆ ಗಾಬರಿ ಇದುವರೆಗೆ ಆಗಿಲ್ಲ. ಅಂಥ ವಾರವೇ ಬಂದಿಲ್ಲ.

ಗಾಡಿ ನನ್ನ ಸೋದರಮಾವನದು. ಮುಂಬೈಯ ಸಯನ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ ಅವರು, ಊರಿಂದ ಟ್ರಂಕು ಹಿಡಿದು ಬಂದ ನನ್ನನ್ನು ಸ್ಟೇಷನ್ನಿನಿಂದ ಇದೇ ಗಾಡಿಯಲ್ಲಿ ಕರೆದೊಯ್ದು ಓದಿಸಿದವರು. ಅವರು ತೀರಿಕೊಂಡ ಮೇಲೆ ಮಾಮಿಯೂ ಗಾಡಿಯೂ ಮುಲುಂಡ್‌ನ ನಮ್ಮ ಬಿಲ್ಡಿಂಗಿಗೆ ಬಂದರು. ಮಾಮಿಯ ಆಸೆ ಒಂದೇ. "ಒಂದು ಸಲ ಇದರ ಹಿಂದೆ ಕೂತು ಸಯನ್‌ಗೆ ಹೋಗ್ಬೇಕು ಮಾರಾಯ. ಅವರು ಇರುವಾಗ ಪ್ರತಿ ಆದಿತ್ಯವಾರ ಹೋಗ್ತಿದ್ದೆವು."

ಆದರೆ ಗಾಡಿ ಆರು ವೋಲ್ಟಿನದು. ಅದರ ಡೈನಮೊ ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ಮರೆತೇಬಿಟ್ಟಿತ್ತು. ಹೆಡ್‌ಲೈಟ್ ಹೊತ್ತಿದೆಯೋ ಇಲ್ಲವೋ ಎಂದು ಮೊಬೈಲ್ ಟಾರ್ಚ್ ಹಾಕಿ ನೋಡಬೇಕು. ಹಾರ್ನ್ ಒತ್ತಿದರೆ ಇಂಜಿನ್ನೇ ನಿಲ್ಲುತ್ತಿತ್ತು.

ಒಂದು: ಸೆಕ್ರೆಟರಿಯ ಪರೀಕ್ಷೆ

ನಮ್ಮ ಸೊಸೈಟಿಯಲ್ಲಿ ಹೊಸ ನಿಯಮ ಬಂತು. ಚಾಲೂ ಇರುವ ಗಾಡಿಗೆ ಮಾತ್ರ ಪಾರ್ಕಿಂಗ್, ಉಳಿದದ್ದು ಗುಜರಿಗೆ. ಸೆಕ್ರೆಟರಿ ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಯೇ ಚಾಲೂ ಹೈ ಕ್ಯಾ?" ಎಂದರು.

"ಸ್ವಲ್ಪ ಚಾಲೂ ಇದೆ" ಎಂದೆ.

"ಸ್ವಲ್ಪ ಅಂದರೆ?"

"ಕೆಲವು ದಿನ."

ಅವರು ನಗಲಿಲ್ಲ. ಗಣಪತಿ ಬರುವ ದಿನ ಸಂಜೆ ತಾವೇ ಪರೀಕ್ಷೆ ಮಾಡುವುದಾಗಿಯೂ, ಇಂಜಿನ್, ಹೆಡ್‌ಲೈಟ್, ಹಾರ್ನ್ ಮೂರೂ ಒಟ್ಟಿಗೆ ನಡೆಯಬೇಕೆಂದೂ ಹೇಳಿದರು. ಮಾವನ ಗಾಡಿಯನ್ನು ಗುಜರಿಯವನು ಕೈಗಾಡಿಯ ಮೇಲೆ ಹಾಕಿಕೊಂಡು ಹೋಗುವುದನ್ನು ನೋಡುವ ಶಕ್ತಿ ನನಗೂ ಇರಲಿಲ್ಲ, ಮಾಮಿಗಂತೂ ಇಲ್ಲವೇ ಇಲ್ಲ.

ಅಂದು ಸಂಜೆ ಲಿಫ್ಟಿನಲ್ಲಿ ಸೆಕ್ರೆಟರಿ ಜತೆ ನಾನೂ ಸಿಕ್ಕಿಬಿದ್ದೆ. ಲಿಫ್ಟು ಎರಡು ಮಹಡಿಯ ನಡುವೆ ನಿಂತಿತ್ತು. "ಸೊಸೈಟಿಯ ಲಿಫ್ಟು ಚಾಲೂ ಇದೆಯೇ?" ಎಂದು ಕೇಳಿದೆ. ಅವರು ಗೋಡೆ ನೋಡುತ್ತಾ, "ಸ್ವಲ್ಪ" ಎಂದರು.

ಎರಡು: ಕಿಟಕಿ ಪಕ್ಕದ ಸೀಟು

ಡೈನಮೊ ಕಿತ್ತು ಹನ್ನೆರಡು ವೋಲ್ಟಿನ ಆಲ್ಟರ್ನೇಟರ್ ಹಾಕುವುದೇ ದಾರಿ ಎಂದು ಸಯನ್‌ನ ಮೆಕ್ಯಾನಿಕ್ ಹೇಳಿದ. ಆತ ವಿಜಯಪುರದ ಕಡೆಯವ, ಮಾವನ ಹೋಟೆಲಿನಲ್ಲಿ ಚಹಾ ಕುಡಿದು ಬೆಳೆದವ. ಅವನ ಅಂಗಡಿಯಿಂದಲೇ ಸಾಮಾನು ಕೊಂಡು ಚೀಲಕ್ಕೆ ತುಂಬಿಕೊಂಡು ಸಂಜೆಯ ಲೋಕಲ್ ರೈಲು ಹತ್ತಿದೆ. ತಾಮ್ರದ ಸುರುಳಿ, ಚಾರ್ಜನ್ನು ಹದದಲ್ಲಿಡುವ ಒಂದು ಕರೀ ಡಬ್ಬಿ, ಬ್ಯಾಟರಿ. ಚೀಲದ ಬಾಯಿಂದ ಕೆಂಪು, ಹಳದಿ, ಕಪ್ಪು ವೈರುಗಳು ನೇತಾಡುತ್ತಿದ್ದವು.

ಎದುರಿನವರು ಚೀಲ ನೋಡಿದರು, ನನ್ನ ಮುಖ ನೋಡಿದರು, ಎದ್ದು ಬಾಗಿಲ ಕಡೆಗೆ ಸರಿದರು. ಪಕ್ಕದವರೂ ಎದ್ದರು. ಕುರ್ಲಾ ದಾಟುವಷ್ಟರಲ್ಲಿ ನನ್ನ ಸುತ್ತ ಕಬಡ್ಡಿ ಆಡುವಷ್ಟು ಜಾಗವಾಯಿತು. ಮುಂಬೈಗೆ ಬಂದ ಮೇಲೆ ಸಂಜೆ ಹೊತ್ತಿನಲ್ಲಿ ಕಿಟಕಿ ಪಕ್ಕ ಕೂತದ್ದು ಅದೇ ಮೊದಲು. ಕಾರಣ ತಿಳಿಯದ ನಾನು ಕಾಲು ಚಾಚಿ ಗಾಳಿ ಕುಡಿದೆ.

ಘಾಟ್ಕೋಪರ್‌ನಲ್ಲಿ ಒಬ್ಬ ಪೊಲೀಸ್ ಹತ್ತಿದ. ನನ್ನನ್ನು ಎಬ್ಬಿಸಿ ಚೀಲ ಬಿಚ್ಚಿಸಿದ. ಕಾರಣ ಆಗ ಹೊಳೆಯಿತು. ಹಳೇ ಗಾಡಿಯ ಕಥೆಯನ್ನೆಲ್ಲಾ ಹೇಳಿದೆ. ಅವನು ತಾಮ್ರದ ಸುರುಳಿಯನ್ನು ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಟ್ಟ. "ನನ್ನ ಅಪ್ಪನ ಹತ್ತಿರವೂ ಇಂಥದೊಂದಿದೆ" ಎಂದು ನನ್ನ ಬೆನ್ನು ತಟ್ಟಿ, ಭಯಪಡಬೇಡಿ ಎಂದು ಬೋಗಿಯವರಿಗೆಲ್ಲ ಕೂಗಿ ಹೇಳಿದ. ಮರುಕ್ಷಣ ಬೋಗಿಯೆಲ್ಲ ಒಳಗೆ ನುಗ್ಗಿತು. ಮುಲುಂಡ್ ತನಕ ನಾನು ಒಂಟಿಕಾಲಿನಲ್ಲಿ ನಿಂತಿದ್ದೆ.

ಮೂರು: ಕುಂಕುಮ

ಹೊಸ ಸಾಮಾನು ಮನೆಗೆ ಬಂದರೆ ಪೂಜೆಯಾಗದೆ ಗಾಡಿಗೆ ಸೇರಕೂಡದು ಎಂಬುದು ಮಾಮಿಯ ಹಟ. ಹೋಟೆಲಿನಲ್ಲಿ ರುಬ್ಬುವ ಕಲ್ಲಿನಿಂದ ಹಿಡಿದು ಫ್ರಿಜ್ಜಿನ ತನಕ ಎಲ್ಲಕ್ಕೂ ಕುಂಕುಮ ಹಚ್ಚಿದ ಕೈ ಅದು. ಆದಿತ್ಯವಾರ ಮೆಕ್ಯಾನಿಕ್ ಬರುವ ಮೊದಲೇ ಅವರು ಕೆಳಗಿಳಿದು, ಆಲ್ಟರ್ನೇಟರಿಗೆ ಹೂವಿಟ್ಟು, ಗಾಡಿಯ ವೈರುಗಳಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು.

ಮೆಕ್ಯಾನಿಕ್ ಮಧ್ಯಾಹ್ನದವರೆಗೆ ದುಡಿದ. ಕೊನೆಗೆ ಬ್ಯಾಟರಿಗೆ ವೈರು ಸೇರಿಸಿದ. ಕರೀ ಡಬ್ಬಿಯಿಂದ ಪಟ್ಟೆಂದು ಸದ್ದು, ಆಮೇಲೆ ಹೊಗೆ. ಮಾಮಿ ಊದುಬತ್ತಿಯ ಹೊಗೆಯೆಂದು ಕೈ ಮುಗಿದರು.

"ಏನಾಯ್ತೋ?" ಎಂದು ಕಿರುಚಿದೆ.

"ಕೆಂಪ್ ನೋಡೀನ್ರಿ, ಪ್ಲಸ್ ಅಂತ ಹಾಕೀನ್ರಿ. ಇದು ನೋಡಿದ್ರ ಬಾಡಿ ವೈರ್, ಮೈನಸ್ ಐತ್ರಿ ಸಾಹೇಬ್ರ."

ಗ್ರೀಸು ಮೆತ್ತಿ ಗಾಡಿಯ ಹಳೇ ವೈರುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಕೆಂಪಾಗಿ ಕಂಡದ್ದು ಒಂದೇ, ಅದು ಮಾಮಿ ಹೆಚ್ಚು ಭಕ್ತಿಯಿಂದ ಹಚ್ಚಿದ್ದು. ನಾನು ನಿಂಬೆಹಣ್ಣಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮೆಕ್ಯಾನಿಕ್ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ. "ಮುಂದಿನ ಸಲ ಮೈನಸ್ಸಿಗೆ ಕಾಡಿಗಿ ಹಚ್ಚಾಕ ಹೇಳ್ರಿ ಅಮ್ಮಾರಿಗೆ."

ನಾಲ್ಕು: ಚಾಲೂ ಆಯಿತು

ಹೊಸ ಡಬ್ಬಿ ಸಿಕ್ಕಿ ಮೆಕ್ಯಾನಿಕ್ ಅದನ್ನು ಕೂರಿಸುವಷ್ಟರಲ್ಲಿ ಗಣಪತಿ ಬಂದೇಬಿಟ್ಟ. ಪಾರ್ಕಿಂಗಿನಲ್ಲೇ ಮಂಟಪ. ಹೊರಗೆ ಜಡಿಮಳೆ. ಆರತಿಗೆ ಮುಂಚೆ ಸೆಕ್ರೆಟರಿ ರೇಷ್ಮೆ ಕುರ್ತಾ ಹಾಕಿಕೊಂಡು ಪರೀಕ್ಷೆಗೆ ಬಂದರು. ಗುಜರಿಯವನ ನಂಬರು ಜೇಬಿನಲ್ಲೇ ಇತ್ತು.

ಕಿಕ್ ಹೊಡೆದೆ, ಇಲ್ಲ. ಮತ್ತೆ ಹೊಡೆದೆ, ಇಲ್ಲ. ಮಾವನನ್ನು ನೆನೆದು ಇನ್ನೊಂದು ಹೊಡೆದೆ. ಗಾಡಿ ಗುಡುಗಿತು. ಹೆಡ್‌ಲೈಟ್ ಹಾಕಿದರೆ ಎದುರಿನ ಗೋಡೆಯಲ್ಲಿ ಸೂರ್ಯೋದಯ! ಹಾರ್ನ್ ಒತ್ತಿದೆ, ಇಂಜಿನ್ ನಿಲ್ಲಲಿಲ್ಲ. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಮೀಟರ್ ರೂಮಿಗೆ ನೀರು ನುಗ್ಗಿ ಇಡೀ ಬಿಲ್ಡಿಂಗಿನ ಕರೆಂಟು ಹೋಯಿತು. ನಾನು ಇಂಜಿನ್ ನಿಲ್ಲಿಸಲು ಕೀಲಿಗೆ ಕೈ ಹಾಕಿದೆ.

"ಬಂದ್ ಮತ್ ಕರೋ!" ಸೆಕ್ರೆಟರಿ ಚೀರಿದರು.

ನಾಲ್ಕು ಜನ ಸೇರಿ ಗಾಡಿಯನ್ನು ಗಣಪತಿಯ ಕಡೆ ತಿರುಗಿಸಿದರು. ಆಕ್ಸಿಲರೇಟರ್ ಬಿಟ್ಟರೆ ಬೆಳಕು ಮಂಕಾಗುತ್ತಿತ್ತು. ಆದ್ದರಿಂದ ಆರತಿ ಮುಗಿಯುವ ತನಕ ನಾನು ಹಿಡಿಕೆ ತಿರುವುತ್ತಲೇ ಇದ್ದೆ, ಜನ ಕೆಮ್ಮುತ್ತಲೇ ಹಾಡಿದರು. ಮಾಮಿ ಕುಂಕುಮದ ಬಟ್ಟಲು ಹಿಡಿದು ಗಾಡಿಯತ್ತ ಬಂದಾಗ ಮೆಕ್ಯಾನಿಕ್ ಎರಡೂ ಕೈ ಚಾಚಿ ಬ್ಯಾಟರಿಗೆ ಅಡ್ಡ ನಿಂತ.

ಸೆಕ್ರೆಟರಿ ಎಲ್ಲರೆದುರು ಘೋಷಿಸಿದರು, "ಈ ಗಾಡಿಯ ಜಾಗ ಇನ್ನು ಕಾಯಂ. ಯಾರೂ ಮುಟ್ಟುವ ಹಾಗಿಲ್ಲ."

"ಹಾಗಾದರೆ ನಾಳೆ ಮಾಮಿಯನ್ನು ಕೂರಿಸಿಕೊಂಡು ಸಯನ್‌ಗೆ ಹೋಗಿ ಬರ್ತೇನೆ" ಎಂದೆ.

"ಹೊರಗೆ ಒಯ್ಯುತ್ತೀರಾ?" ಅವರ ಮುಖ ಬಿಳುಚಿತು. "ಮತ್ತೆ ಕರೆಂಟು ಹೋದರೆ ಗಣಪತಿಗೆ ಬೆಳಕು?"

ಬೆಳಿಗ್ಗೆ ಇಳಿದು ನೋಡಿದರೆ, ಮುಂದಿನ ಚಕ್ರವನ್ನು ಕಂಬಕ್ಕೆ ಸರಪಳಿ ಹಾಕಿ ಬಿಗಿದಿದ್ದರು. ವಿಸರ್ಜನೆಯಾಗಿ ಎಷ್ಟೋ ದಿನವಾಯಿತು. ನವರಾತ್ರಿ ಮುಗಿಯಲಿ ಅಂದರು, ಈಗ ದೀಪಾವಳಿ ಮುಗಿಯಲಿ ಅನ್ನುತ್ತಾರೆ. ಗಾಡಿ ಪೂರ್ತಿ ಚಾಲೂ ಇದೆ, ಮಾಮಿ ಮತ್ತು ನಾನು ಸಯನ್‌ಗೆ ಲೋಕಲ್‌ನಲ್ಲಿ ನಿಂತು ಹೋಗುತ್ತೇವೆ. ಸರಪಳಿಯ ಬೀಗ ಹೊಸದು ನೋಡಿ, ಅದಕ್ಕೂ ಮಾಮಿ ಕುಂಕುಮ ಹಚ್ಚಿದ್ದಾರೆ.